ನವರಸಪುರ: ಕಾಲು ಶತಮಾನ ಬಾಳಿದ ನಗರ

ವಿಜಯಪುರವನ್ನು ನೋಡಿ ಬಂದವರು ನಮ್ಮಲ್ಲಿ ಬಹಳ ಮಂದಿ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಮಕ್ಕಳು ಕೂಗಿದ್ದು, ಇಬ್ರಾಹಿಂ ರೋಜಾದ ಕಲ್ಲಿನ ಜಾಲಂಧ್ರಗಳನ್ನು ಕಂಡು ಬೆರಗಾದದ್ದು, ಮಲಿಕ್-ಎ-ಮೈದಾನ ತೋಪಿನ ಮುಂದೆ ನಿಂತು ಚಿತ್ರ ತೆಗೆಸಿಕೊಂಡದ್ದು, ಇವೆಲ್ಲವನ್ನೂ ಅವರು ಉತ್ಸಾಹದಿಂದ ಹೇಳುತ್ತಾರೆ. ‘ನವರಸಪುರವನ್ನು ನೋಡಿದಿರೋ?’ ಎಂದು ಕೇಳಿದರೆ ಮಾತ್ರ ಮುಖಮುಖ ನೋಡಿಕೊಳ್ಳುತ್ತಾರೆ. ಅದು ನಾಟಕದ ಹೆಸರೋ ಊರಿನ ಹೆಸರೋ ಎಂದು ಕೇಳಿದವರೂ ಉಂಟು.

ಅದು ಊರಿನ ಹೆಸರೇ. ವಿಜಯಪುರದಿಂದ ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರು ದೂರದಲ್ಲಿ, ತೊರವೆ ಗ್ರಾಮದ ಮಗ್ಗುಲಲ್ಲಿ, ಒಬ್ಬ ಸುಲ್ತಾನನು ಸಂಗೀತಕ್ಕಾಗಿಯೇ ಕಟ್ಟಿಸಹೊರಟ ರಾಜಧಾನಿ ಅದು. 1599ರಲ್ಲಿ ಹುಟ್ಟಿ 1624ರಲ್ಲಿ ಸುಟ್ಟುಹೋಯಿತು. ಇಪ್ಪತ್ತೈದೇ ವರ್ಷಗಳ ಆಯುಷ್ಯ! ಅಷ್ಟರೊಳಗೆ ಅದು ಕಂಡ ವೈಭವವನ್ನೂ ಆಮೇಲೆ ಮತ್ತೆ ಏಳದೆ ಹೋದ ಬಗೆಯನ್ನೂ ನೆನೆದರೆ, ಊರೊಂದು ಬದುಕುವುದು ಯಾವುದರಿಂದ ಎಂಬ ಪ್ರಶ್ನೆ ತಾನಾಗಿಯೇ ಮನಸ್ಸಿನಲ್ಲಿ ಏಳುತ್ತದೆ.

ದಾರಿ

ಬಾದಾಮಿ, ಹುನಗುಂದ, ಇಳಕಲ್ಲುಗಳನ್ನು ನೋಡಲು ಹೋದವರು ಬಾಗಲಕೋಟೆಯಿಂದ ಇನ್ನೊಂದು ದಿನವನ್ನು ಕೂಡಿಸಿಕೊಂಡರೆ ನವರಸಪುರವನ್ನು ಕಾಣಬಹುದು. ಈ ಊರುಗಳೆಲ್ಲ 1997ರವರೆಗೆ ಅಖಂಡ ಬಿಜಾಪುರ ಜಿಲ್ಲೆಯಲ್ಲಿಯೇ ಇದ್ದವು. ಆ ವರ್ಷ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ರಸ್ತೆಯ ಮೂಲಕ ಹೋದರೆ ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಬೇಕು. ಕೊಲ್ಹಾರದಲ್ಲಿ ಇಳಿದು ಗಡಿಗೆಯ ಮೊಸರನ್ನು ಕೊಳ್ಳದೆ ಮುಂದೆ ಹೋಗುವ ಪ್ರವಾಸಿಗರು ವಿರಳ. ಗಡಿಗೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಎಂಬ ಖ್ಯಾತಿ ಆ ಮೊಸರಿಗೆ.

ಹೊಳೆಯನ್ನು ದಾಟಿದ ಮೇಲೆ ನೆಲದ ಚಹರೆಯೇ ಬೇರೆ. ಬಾದಾಮಿಯ ಕೆಂಪು ಬಂಡೆಗಳು ಹಿಂದೆ ಉಳಿದು, ಕಣ್ಣು ಹಾಯುವವರೆಗೆ ಎರೆಭೂಮಿ ಹರಡಿಕೊಳ್ಳುತ್ತದೆ. ಹಿಂಗಾರಿನಲ್ಲಿ ಬಿಳಿಜೋಳ ನಿಂತಾಗ ಆ ನೆಲ ಸಮುದ್ರದಂತೆ ತೂಗುತ್ತದೆ. ಬೇಸಿಗೆಯಲ್ಲಿಯಾದರೋ ಹಸುರೆಂಬುದೇ ಇಲ್ಲ. ಬಾಯಿಬಿಟ್ಟ ಕಪ್ಪುಮಣ್ಣು, ಅಲ್ಲೊಂದು ಇಲ್ಲೊಂದು ಜಾಲಿ, ಕಣ್ಣು ಕುಕ್ಕುವ ಬಿಸಿಲು. ಮರುಭೂಮಿ ಎನ್ನಲಾಗದು, ಆದರೆ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಇಲ್ಲಿ ನಿಂತವರಿಗೆ ಮರುಭೂಮಿಯ ನೆನಪಾಗದೆ ಇರದು. ಇಂತಹ ನೆಲದಲ್ಲಿ ನಗರ ಕಟ್ಟುವವನಿಗೆ ಮೊದಲ ಚಿಂತೆ ನೀರು, ಎರಡನೆಯದು ಗೋಡೆ. ಆದರೆ ನಮ್ಮ ಕಥೆಯ ದೊರೆಗೆ ಮೊದಲು ತೋಚಿದ್ದು ರಾಗ.

ಒಂಬತ್ತು ರಸಗಳ ದೊರೆ

ಎರಡನೆಯ ಇಬ್ರಾಹಿಂ ಆದಿಲ್‌ಷಾಹನು 1580ರಲ್ಲಿ ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಬಾಲಕ. ಅವನ ಪರವಾಗಿ ಆಡಳಿತವನ್ನು ನೋಡಿಕೊಂಡವಳು, ಹಿಂದಿನ ಸುಲ್ತಾನನಾದ ಒಂದನೆಯ ಅಲಿಯ ವಿಧವೆ, ಮುಂದೆ ಅಹಮದನಗರದ ರಕ್ಷಣೆಗಾಗಿ ಮೊಗಲರೊಡನೆ ಹೋರಾಡಿ ಹೆಸರಾದ ಚಾಂದಬೀಬಿ. ಹುಡುಗ ಬೆಳೆದು ದೊರೆಯಾದ. ಅದಕ್ಕಿಂತ ಮಿಗಿಲಾಗಿ ರಸಿಕನಾದ. ತಂಬೂರಿ ಬಾರಿಸುತ್ತಿದ್ದ, ಹಾಡು ಕಟ್ಟುತ್ತಿದ್ದ, ಚಿತ್ರಕಲೆಯನ್ನು ಬಲ್ಲವನಾಗಿದ್ದ. ತನ್ನ ಪ್ರೀತಿಯ ತಂಬೂರಿಗೆ ‘ಮೋತಿಖಾನ್’ ಎಂದೂ ಆನೆಗೆ ‘ಆತಶ್ ಖಾನ್’ ಎಂದೂ ಹೆಸರಿಟ್ಟು, ಅವುಗಳ ಮೇಲೆಯೂ ಹಾಡುಗಳನ್ನು ರಚಿಸಿದ.

ಅವನು ದಖನಿಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹವು ಇಂದಿಗೂ ಉಳಿದುಬಂದಿದೆ. ವಿದ್ವಾಂಸರಾದ ನಜೀರ್ ಅಹಮದ್ ಅವರು ಹಲವು ಹಸ್ತಪ್ರತಿಗಳನ್ನು ನೋಡಿ 1956ರಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಿದರು. 59 ಹಾಡುಗಳು, 17 ದೋಹೆಗಳು. ಹಾಡುಗಳನ್ನು ಭೈರವ, ತೋಡಿ, ಮಲ್ಹಾರ ಮೊದಲಾದ ರಾಗಗಳಿಗೆ ಹೊಂದಿಸಿ ಇರಿಸಲಾಗಿದೆ. ಮುಸಲ್ಮಾನ ದೊರೆಯ ಈ ಕೃತಿಯಲ್ಲಿ ಸರಸ್ವತಿಯ ಸ್ತುತಿಯುಂಟು, ಗಣಪತಿಯ ಸ್ತುತಿಯುಂಟು. ಕಲಬುರಗಿಯ ಸೂಫಿ ಸಂತ ಬಂದೇನವಾಜ ಗೇಸೂದರಾಜರ ಸ್ತುತಿಯೂ ಅಷ್ಟೇ ಭಕ್ತಿಯಿಂದ ಬಂದಿದೆ. ಅವನ ಆಸ್ಥಾನದ ಚಿತ್ರಕಾರ ಫರ್ರುಖ್ ಹುಸೇನನು ಬರೆದ ವೀಣಾಪಾಣಿ ಸರಸ್ವತಿಯ ಚಿತ್ರವೊಂದು ಜಯಪುರದ ಅರಮನೆಯ ಸಂಗ್ರಹದಲ್ಲಿದೆ. ಗಣಪತಿ ತನ್ನ ತಂದೆ, ಸರಸ್ವತಿ ತನ್ನ ತಾಯಿ ಎಂಬ ಭಾವದ ಬರಹ ಅದರ ಮೇಲಿದೆ. ಜನರು ಅವನನ್ನು ‘ಜಗದ್ಗುರು’ ಎಂದು ಕರೆದದ್ದರಲ್ಲಿ ಆಶ್ಚರ್ಯವೇನು?

‘ನವರಸ’ ಎಂಬ ಮಾತಿನ ಮೇಲೆ ಈ ದೊರೆಗೆ ವಿಪರೀತ ಮೋಹ. ಸಂಸ್ಕೃತದಲ್ಲಿ ಅದು ಒಂಬತ್ತು ರಸಗಳು. ಪಾರಸಿಯ ಕಿವಿಗೆ ‘ನವ್-ರಸ್’ ಎಂದರೆ ಹೊಸದಾಗಿ ಬಂದದ್ದು. ಎರಡು ಭಾಷೆಗಳಲ್ಲಿಯೂ ಸೊಗಸಾಗಿ ಕೇಳುವ ಈ ಮಾತನ್ನು ಅವನು ಪುಸ್ತಕಕ್ಕೆ ಇಟ್ಟ, ನಾಣ್ಯಕ್ಕೆ ಇಟ್ಟ, ಅರಮನೆಗೆ ಇಟ್ಟ, ಹಬ್ಬಕ್ಕೂ ಇಟ್ಟ. ಅವನ ಆಶ್ರಯದಲ್ಲಿ ಫೆರಿಷ್ತಾ ಬರೆದ ಪ್ರಸಿದ್ಧ ಇತಿಹಾಸಕ್ಕೆ ‘ನವರಸನಾಮಾ’ ಎಂಬ ಇನ್ನೊಂದು ಹೆಸರೂ ಬಿತ್ತು. ಕಡೆಗೆ ಉಳಿದದ್ದು ನಗರವೊಂದೇ. 1599ರಲ್ಲಿ ಅದಕ್ಕೂ ಆ ಹೆಸರು ಬಂದಿತು.

ನಗರದ ಹುಟ್ಟು

ಹೊಸ ನಗರಕ್ಕೆ ಆರಿಸಿದ ಸ್ಥಳವು ಬರಿಯ ಬಯಲಾಗಿರಲಿಲ್ಲ. ತೊರವೆ ಅದಕ್ಕೆ ಮೊದಲೇ ಹೆಸರಾದ ಕ್ಷೇತ್ರ. ಅಲ್ಲಿಯ ನರಸಿಂಹನ ಗುಡಿ ನೆಲಮಟ್ಟಕ್ಕಿಂತ ಕೆಳಗೆ, ಗುಹೆಯಂತೆ ಇದೆ. ಇಂದಿಗೂ ಎಷ್ಟೋ ಮನೆತನಗಳಿಗೆ ಅವನು ಕುಲದೇವರು. ಕುಮಾರ ವಾಲ್ಮೀಕಿಯು ಭಾಮಿನಿ ಷಟ್ಪದಿಯಲ್ಲಿ ರಾಮಾಯಣವನ್ನು ಹಾಡಿದ್ದು ಈ ನರಸಿಂಹನ ಅಂಕಿತದಲ್ಲಿ. ಆದ್ದರಿಂದಲೇ ಅದು ‘ತೊರವೆ ರಾಮಾಯಣ’. ಕನ್ನಡ ಕಾವ್ಯವೊಂದು ನೆಲೆನಿಂತ ಊರಿನ ಪಕ್ಕದಲ್ಲಿಯೇ ದಖನಿ ಹಾಡುಗಳ ರಾಜಧಾನಿ ಏಳತೊಡಗಿತು.

ಕಟ್ಟಡದ ಮೇಲ್ವಿಚಾರಣೆ ಶಾಹನವಾಜಖಾನನಿಗೆ ಸೇರಿತು. ಕಲ್ಲುಕುಟಿಗರೂ ಗಾರೆಯವರೂ ಬಡಗಿಗಳೂ ನಾನಾ ಕಡೆಗಳಿಂದ ಬಂದರು. ಕೆಲಸಗಾರರು 20,000 ಮಂದಿ ಎಂಬ ಲೆಕ್ಕ ಪ್ರಚಲಿತವಾಗಿದೆ. ಸರದಾರರೂ ಸಾಹುಕಾರರೂ ಇಲ್ಲಿ ಮನೆಗಳನ್ನು ಕಟ್ಟಿಕೊಳ್ಳಬೇಕೆಂದು ಆಜ್ಞೆಯಾಯಿತು. ನಗರದ ಸುತ್ತಲೂ ದುಂಡನೆಯ ಕೋಟೆಯನ್ನು ಗುರುತು ಹಾಕಿ ಗೋಡೆಯನ್ನು ಎಬ್ಬಿಸತೊಡಗಿದರು. ಗಾಯಕರಿಗೆ, ವಾದ್ಯಗಾರರಿಗೆ, ನರ್ತಕಿಯರಿಗೆ ಇಲ್ಲಿ ನೆಲೆ ದೊರೆಯಿತು. ಪಾರಸಿ ಕವಿ ಜುಹೂರಿಯು ದೊರೆಯ ಗೀತಸಂಗ್ರಹಕ್ಕೆ ಮುನ್ನುಡಿ ಬರೆದು ಅವನ ರಸಿಕತೆಯನ್ನು ಬಾಯ್ತುಂಬ ಹೊಗಳಿದ.

ಆ ಕಾಲದ ವಿಜಯಪುರವನ್ನು ಹೊರಗಿನವನೊಬ್ಬನ ಕಣ್ಣಿನಿಂದ ನೋಡುವ ಭಾಗ್ಯ ನಮಗುಂಟು. 1603-04ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಇಲ್ಲಿಗೆ ಬಂದ. ಇಬ್ರಾಹಿಮನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಟ್ಟು ನಡೆದ ಸಂಬಂಧದ ಕಾಲವದು. ಅಗಲವಾದ ಬೀದಿ, ಸಾಲಂಗಡಿಗಳು, ರತ್ನಗಳು, ಜವಳಿ, ಸುಗಂಧದ್ರವ್ಯಗಳು, ಇವನ್ನೆಲ್ಲ ಕಂಡು ದಿಲ್ಲಿ ಆಗ್ರಾಗಳನ್ನು ನೋಡಿದ್ದ ಆ ದೂತನೂ ಬೆರಗಾದ. ದೊರೆಯ ದರ್ಶನವಾದಾಗ ಅಲ್ಲಿ ಸಂಗೀತ ನಡೆದಿತ್ತು. ಇಬ್ರಾಹಿಮನು ಅದರಲ್ಲಿ ಎಷ್ಟು ತಲ್ಲೀನನಾಗಿದ್ದನೆಂದರೆ, ರಾಜಕಾರ್ಯದ ಮಾತಿನ ಕಡೆ ಅವನ ಗಮನವೇ ಇರಲಿಲ್ಲವಂತೆ! ಅವನು ಆಸಕ್ತಿಯಿಂದ ಕೇಳಿದ್ದು ತಾನಸೇನನ ವಿಷಯ: ಅವನು ಅಕ್ಬರನ ಮುಂದೆ ನಿಂತು ಹಾಡುತ್ತಿದ್ದನೋ, ಕುಳಿತು ಹಾಡುತ್ತಿದ್ದನೋ ಎಂದು.

ಇದೇ ಅಸದ್ ಬೇಗ್ ವಿಜಯಪುರದಲ್ಲಿ ಹೊಸದೊಂದು ಎಲೆಯನ್ನು ಕಂಡು, ಚೆಂದದ ಕೊಳವೆಯೊಂದಿಗೆ ಅದನ್ನು ಅಕ್ಬರನಿಗೆ ಕಾಣಿಕೆಯಾಗಿ ಒಯ್ದ. ಅದು ತಂಬಾಕು. ಬಾದಶಹನು ಕುತೂಹಲಕ್ಕೆ ಒಂದೆರಡು ದಮ್ಮು ಎಳೆದನೆಂದೂ, ಹಕೀಮನು ಬೇಡವೆಂದು ತಡೆದನೆಂದೂ ಅವನೇ ಬರೆದಿಟ್ಟಿದ್ದಾನೆ. ಹಕೀಮನ ಮಾತನ್ನು ಲೋಕ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ನೆಲದೊಳಗಿನ ಹೊಳೆ

ತೊರವೆಯ ಸೀಮೆಯಲ್ಲಿ ಕಣ್ಣಿಗೆ ಕಾಣದ ಸಂಪತ್ತೊಂದು ಇದೆ. ಅದು ನೀರು. ನವರಸಪುರದ ಕಲ್ಪನೆ ಹುಟ್ಟುವುದಕ್ಕಿಂತ ಮೊದಲೇ, ಒಂದನೆಯ ಅಲಿ ಆದಿಲ್‌ಷಾಹನ ಕಾಲದಲ್ಲಿ, ಈ ಕಡೆಯ ನೀರನ್ನು ನೆಲದೊಳಗಿನ ಸುರಂಗದ ಮೂಲಕ ವಿಜಯಪುರಕ್ಕೆ ಸಾಗಿಸುವ ಏರ್ಪಾಡಾಗಿತ್ತು. ಇಂದಿಗೂ ಇದನ್ನು ‘ಸುರಂಗ ಬಾವಡಿ’ ಎನ್ನುತ್ತಾರೆ.

ಇದರ ಯುಕ್ತಿ ಪಾರಸಿಕ ದೇಶದ್ದು. ತೆರೆದ ಕಾಲುವೆಯಲ್ಲಿ ನೀರನ್ನು ಬಿಟ್ಟರೆ ಈ ಬಿಸಿಲಿಗೆ ಒಂದು ಪಾಲು ಆವಿಯಾಗಿ ಹೋಗುತ್ತದೆ, ಕಸಕಡ್ಡಿಯೂ ಸೇರುತ್ತದೆ. ನೆಲದೊಳಗೆ ಸುರಂಗವನ್ನು ಕೊರೆದು, ತೀರ ಸಣ್ಣ ಇಳಿಜಾರನ್ನು ಕೊಟ್ಟರೆ ನೀರು ತನ್ನ ಭಾರದಿಂದಲೇ ಹರಿಯುತ್ತದೆ. ರಾಟೆ ಬೇಡ, ಎತ್ತು ಬೇಡ. ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಕಂಡಿಗಳನ್ನು ತೋಡಿದರೆ ಗಾಳಿ ಆಡುತ್ತದೆ. ಹೂಳು ತೆಗೆಯುವವರು ಇಳಿಯುವುದಕ್ಕೂ ದಾರಿಯಾಗುತ್ತದೆ. ಊರೊಳಗೆ ಬಂದ ನೀರನ್ನು ಮಣ್ಣಿನ ಕೊಳವೆಗಳಲ್ಲಿ ಹಂಚುವಾಗ ಅದರ ಒತ್ತಡವನ್ನು ತಗ್ಗಿಸಲು ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದ್ದರು. ವಿಜಯಪುರದ ಓಣಿಗಳಲ್ಲಿ ಇಂಥ ಗೋಪುರಗಳು ಇಂದಿಗೂ ನಿಂತಿವೆ. ಅವು ಏನೆಂದು ತಿಳಿಯದೆ ನಾವು ಮುಂದೆ ಸಾಗಿಬಿಡುತ್ತೇವೆ.

ನವರಸಪುರವು ಹೀಗೆ ಜಲಮೂಲದ ನೆರೆಯಲ್ಲಿಯೇ ಹುಟ್ಟಿತು. ನೀರಿನ ಕೊರತೆಯಿಂದ ಅದು ಸತ್ತಿತೆನ್ನಲು ಬರುವುದಿಲ್ಲ. ಅದಕ್ಕೆ ಕೊರತೆಯಾದದ್ದು ಬೇರೆಯದೇ.

1624

ಕೋಟೆ ಮುಗಿಯಲಿಲ್ಲ. ರಾಜಧಾನಿಯನ್ನು ಬದಲಿಸಿದರೆ ಕೇಡು ಎಂದು ಜೋಯಿಸರು ಹೇಳಿದ್ದರಿಂದ ದೊರೆಯ ಉತ್ಸಾಹ ಕುಗ್ಗಿತೆಂಬ ಕಥೆಯಿದೆ. ಅದು ಹೇಗೇ ಇರಲಿ, ದುಂಡು ಗೋಡೆಯ ಎರಡು ತುದಿಗಳು ಕೂಡಲೇ ಇಲ್ಲ.

ಉತ್ತರದಲ್ಲಿ ಅಹಮದನಗರದ ನಿಜಾಮಶಾಹಿ ರಾಜ್ಯವನ್ನು ಆಗ ಕೈಯಲ್ಲಿ ಹಿಡಿದಿದ್ದವನು ಮಲಿಕ್ ಅಂಬರ್. ಅಬಿಸೀನಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಹಲವರ ಕೈದಾಟಿ ದಖ್ಖಣಕ್ಕೆ ಬಂದು, ತನ್ನ ಬುದ್ಧಿಬಲದಿಂದ ರಾಜ್ಯವನ್ನು ಆಳುವ ಮಟ್ಟಕ್ಕೆ ಏರಿದ ಅಸಾಧಾರಣ ಪುರುಷ. ಮೊಗಲರು ಅವನ ಪರಮವೈರಿಗಳು. ವಿಜಯಪುರವು ಮೊಗಲರ ಕಡೆ ಸೇರಿದಾಗ ಅವನ ಕೋಪ ಈ ಕಡೆ ತಿರುಗಿತು. 1624ರಲ್ಲಿ ಅಹಮದನಗರದ ಬಳಿಯ ಭಾತವಡಿಯಲ್ಲಿ ಮೊಗಲರ ಮತ್ತು ವಿಜಯಪುರದ ಕೂಡುದಂಡನ್ನು ಅವನು ಮುರಿದ. ವಿಜಯಪುರದ ಸೇನಾನಿ ಮುಲ್ಲಾ ಮಹಮ್ಮದ್ ಲಾರಿ ಮಡಿದ. ಶಿವಾಜಿಯ ತಂದೆ ಶಹಾಜಿ ಆ ಯುದ್ಧದಲ್ಲಿ ಅಂಬರನ ಪಕ್ಷದಲ್ಲಿದ್ದ.

ಅದೇ ಹಗೆತನದ ಹೋರಾಟದಲ್ಲಿ ಅಂಬರನ ದಂಡು ವಿಜಯಪುರದವರೆಗೂ ಬಂದಿತು. ಇಬ್ರಾಹಿಮನು ವಿಜಯಪುರದ ಕೋಟೆಯೊಳಗೆ ಉಳಿದ. ಸುಮಾರು 10 ಕಿಲೋಮೀಟರು ಸುತ್ತಳತೆಯ ಆ ಬಲವಾದ ಗೋಡೆ ಅವನನ್ನು ಕಾಪಾಡಿತು. ಪೂರ್ತಿಯಾಗದ ಗೋಡೆಯ ನವರಸಪುರವನ್ನು ಕಾಪಾಡುವವರಿರಲಿಲ್ಲ. ದಂಡು ಅದನ್ನು ಸೂರೆಗೊಂಡು ಸುಟ್ಟಿತು.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಈ ನಗರವನ್ನು ಸುಟ್ಟ ಅಂಬರನು ತಾನೇ ನಗರನಿರ್ಮಾಪಕ. 1610ರಲ್ಲಿ ಅವನು ಖಡ್ಕಿ ಎಂಬಲ್ಲಿ ಊರು ಕಟ್ಟಿ, ಅದಕ್ಕೂ ಸುರಂಗದ ಕಾಲುವೆಯಲ್ಲಿಯೇ ನೀರು ತಂದ. ಖಡ್ಕಿ ಮುಂದೆ ಔರಂಗಾಬಾದಾಯಿತು. ಈಗ ಅದಕ್ಕೆ ಛತ್ರಪತಿ ಸಂಭಾಜಿನಗರ ಎಂಬ ಹೆಸರು. ಲಕ್ಷಾಂತರ ಜನರ ಆ ಊರು ಇಂದಿಗೂ ಬೆಳೆಯುತ್ತಲೇ ಇದೆ. ನವರಸಪುರದಲ್ಲಿ ಜೋಳ ಬೆಳೆಯುತ್ತಿದೆ.

ಮತ್ತೆ ಏಕೆ ಏಳಲಿಲ್ಲ?

ಒಮ್ಮೆ ಸುಟ್ಟ ಮಾತ್ರಕ್ಕೆ ಊರು ಸಾಯಬೇಕೆಂದಿಲ್ಲ. ಬಾದಾಮಿಯನ್ನೇ ನೋಡಿರಿ. 543ರಲ್ಲಿ ಒಂದನೆಯ ಪುಲಕೇಶಿ ಅಲ್ಲಿ ಕೋಟೆ ಕಟ್ಟಿದ. ಶಾಸನವೇ ಅದಕ್ಕೆ ಸಾಕ್ಷಿ. ಇಮ್ಮಡಿ ಪುಲಕೇಶಿಯ ಕಡೆಗಾಲದಲ್ಲಿ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮನು ಆ ರಾಜಧಾನಿಯನ್ನು ಗೆದ್ದು ಹಾಳುಮಾಡಿದ. ಸುಮಾರು ಹದಿಮೂರು ವರ್ಷಗಳ ಮೇಲೆ ಒಂದನೆಯ ವಿಕ್ರಮಾದಿತ್ಯನು ಅದನ್ನು ಮರಳಿ ಪಡೆದ. ಬಾದಾಮಿ ಮತ್ತೆ ಉಸಿರಾಡಿತು.

ನಮ್ಮ ಕಣ್ಣೆದುರಿನ ಬಾಗಲಕೋಟೆಯ ಕಥೆಯನ್ನಾದರೂ ನೆನೆಯಿರಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಾಗ ಹಳೆಯ ಊರಿನ ಎಷ್ಟೋ ಮನೆಗಳು, ಅಂಗಡಿಗಳು, ಓಣಿಗಳು ಮುಳುಗಿದವು. ಜನ ಅತ್ತರು, ಪರಿಹಾರಕ್ಕಾಗಿ ಅಲೆದರು, ನವನಗರದಲ್ಲಿ ಹೊಸದಾಗಿ ಒಲೆ ಹೂಡಿದರು. ಊರು ಹೋಯಿತೆಂದು ಬಾಗಲಕೋಟೆ ಇಲ್ಲವಾಗಲಿಲ್ಲ. ಇಳಕಲ್ಲಂತೂ ಯಾವ ಸಾಮ್ರಾಜ್ಯದ ರಾಜಧಾನಿಯೂ ಆಗಲಿಲ್ಲ. ಸೀರೆಯ ಒಡಲಿಗೆ ಕೊಂಡಿ ಹಾಕಿ ಕೆಂಪು ಸೆರಗನ್ನು ಕೂಡಿಸುವ ನೇಕಾರನ ಕೈ ಅದನ್ನು ಉಳಿಸಿತು.

ನವರಸಪುರಕ್ಕೆ ಇಂಥದೊಂದು ಇರಲಿಲ್ಲವೆಂದೇ ತೋರುತ್ತದೆ. ಅಲ್ಲಿ ಮನೆ ಕಟ್ಟಿದವರು ದೊರೆಯ ಆಜ್ಞೆಗೆ ಕಟ್ಟಿದರು. ಅವರ ಹಿರಿಯರ ಗೋರಿಗಳು, ಸಂತೆ, ಪೇಟೆ, ಮಸೀದಿ, ಮಠ ಎಲ್ಲ ಎರಡು ಹರಿದಾರಿಯೊಳಗೆ ವಿಜಯಪುರದಲ್ಲಿಯೇ ಇದ್ದವು. ಹೋಗಲು ಇನ್ನೊಂದು ಊರಿದ್ದವರ ಊರು ಅದು. ಬೆಂಕಿ ಬಿದ್ದ ಮೇಲೆ ಅವರು ಹಳೆಯ ಊರಿಗೆ ಮರಳಿದರು. ಬೂದಿಯನ್ನು ಬಾಚಿ ಮತ್ತೆ ಕಂಬ ನೆಡುವ ಅಗತ್ಯ ಯಾರಿಗೂ ಬೀಳಲಿಲ್ಲ. ಮೂರು ವರ್ಷಗಳಲ್ಲಿ, 1627ರಲ್ಲಿ, ದೊರೆಯೂ ತೀರಿಕೊಂಡ. ಅವನ ಮಗ ಮಹಮ್ಮದನ ಮನಸ್ಸು ಗೋಳಗುಮ್ಮಟದ ಕಡೆಗಿತ್ತು.

ಲೋಕದಲ್ಲಿ ಇದಕ್ಕೆ ಜೊತೆಗಾರರಿಲ್ಲದೆ ಇಲ್ಲ. ಸ್ಪೇನಿನ ಕಾರ್ಡೋವಾ ನಗರದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ ಖಲೀಫನೊಬ್ಬನು ಹತ್ತನೆಯ ಶತಮಾನದಲ್ಲಿ ‘ಮದೀನತ್ ಅಲ್ ಜಹ್ರಾ’ ಎಂಬ ಅರಮನೆಯ ನಗರವನ್ನು ಕಟ್ಟಿಸಿದ. 1010ರಲ್ಲಿ ಅದು ಸೂರೆಹೋಯಿತು, ಕಾರ್ಡೋವಾ ಉಳಿಯಿತು. ಅಕ್ಬರನ ಫತೇಪುರ ಸಿಕ್ರಿಯೂ 1571ರಲ್ಲಿ ಆರಂಭವಾಗಿ 1585ರಲ್ಲಿ ರಾಜಧಾನಿಯ ಪದವಿಯನ್ನು ಕಳೆದುಕೊಂಡಿತು. ದೊರೆಯ ಮನಸ್ಸೊಂದನ್ನೇ ಆಧಾರವಾಗಿ ಹಿಡಿದ ನಗರಗಳ ಹಣೆಬರಹ ಎಲ್ಲ ಕಡೆಯೂ ಒಂದೇ.

ಇಂದು ಕಾಣುವುದು

ತೊರವೆಯ ಕಡೆ ಹೋದರೆ ಹೊಲಗಳ ನಡುವೆ ಮುರಿದ ಗೋಡೆಗಳೂ ಕಮಾನುಗಳೂ ಕಾಣಬರುತ್ತವೆ. ಇವುಗಳಲ್ಲಿ ಮುಖ್ಯವಾದದ್ದು ಸಂಗೀತ ಮಹಲ್. ವಿಜಯಪುರದ ಗಗನ ಮಹಲನ್ನು ನೋಡಿದವರಿಗೆ ಇದರ ಹೋಲಿಕೆ ತಟ್ಟನೆ ತಿಳಿಯುತ್ತದೆ. ನಡುವೆ ದೊಡ್ಡದೊಂದು ಕಮಾನು, ಎರಡು ಮಗ್ಗುಲಲ್ಲಿಯೂ ಕಿರಿದಾದ ಎತ್ತರದ ಕಮಾನುಗಳು, ಎದುರಿಗೆ ನೀರಿನ ಕೊಳ. ಮೇಲಿನ ಛಾವಣಿ ಎಂದೋ ಹೋಗಿದೆ. ಹತ್ತಿರದಲ್ಲಿಯೇ ನಾರಿ ಮಹಲೆಂಬ ಇನ್ನೊಂದು ಪಾಳು ಕಟ್ಟಡ. ಸಂಗೀತ ಮಹಲನ್ನು ಪುರಾತತ್ವ ಇಲಾಖೆಯವರು ದುರಸ್ತಿ ಮಾಡಿದ್ದಾರೆ. ನವರಸಪುರ ಉತ್ಸವವೆಂಬ ಹೆಸರಿನಲ್ಲಿ ಸರ್ಕಾರದ ವತಿಯಿಂದ ಸಂಗೀತ ನೃತ್ಯಗಳೂ ನಡೆದದ್ದುಂಟು.

ನಾವು ಹೊಲದ ಬದುವಿನ ಮೇಲೆ ಮುರಿದ ಗೋಡೆಯೊಂದನ್ನು ನೋಡುತ್ತ ನಿಂತಾಗ, ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದರು.

“ಯಾವೂರ್ರೀ ಸಾಹೇಬ್ರ ನಿಮ್ದು? ಗೋಳಗುಮ್ಮಟ ಆ ಕಡೆ ಐತ್ರಿ.”

“ಗುಮ್ಮಟ ನೋಡಿ ಬಂದೆವು ಯಜಮಾನರೇ. ಇದನ್ನೇ ನೋಡಬೇಕೆಂದು ಬಂದದ್ದು.”

“ಬಾದಶಾ ಇಲ್ಲಿ ಕುಂತು ಹಾಡಾ ಕೇಳ್ತಿದ್ನಂತ್ರಿ. ನಮ್ಮಜ್ಜ ಹೇಳ್ತಿದ್ದ. ಈಗ ಮಳಿ ಬಂತಂದ್ರ ಈ ಗ್ವಾಡಿ ಮರಿಗಿ ಆಡು ನಿಲ್ಲಸ್ತೇವ್ರಿ.”

ಇಷ್ಟು ಹೇಳಿ ಅವರು ಆಡುಗಳ ಹಿಂದೆ ಹೊರಟುಹೋದರು. ನಾಲ್ಕು ನೂರು ವರ್ಷಗಳ ಮೇಲೆಯೂ, ಈ ದೊರೆ ಯುದ್ಧ ಗೆದ್ದದ್ದನ್ನಾಗಲಿ ಸೋತದ್ದನ್ನಾಗಲಿ ಅಲ್ಲ, ಹಾಡು ಕೇಳುತ್ತಿದ್ದುದನ್ನು ಆ ನೆಲದವರು ನೆನಪಿಟ್ಟುಕೊಂಡಿದ್ದಾರೆ.

ನೋಡಹೋಗುವವರು ಚಳಿಗಾಲದಲ್ಲಿ, ಜೋಳದ ಬೆಳೆ ಹೊಲದಲ್ಲಿ ನಿಂತಿರುವಾಗ ಹೋಗುವುದು ಲೇಸು. ವಿಜಯಪುರದ ಕೋಟೆಯ ಪಶ್ಚಿಮದ ಹೊರಬದಿಯಲ್ಲಿರುವ ಇಬ್ರಾಹಿಂ ರೋಜಾವನ್ನು ಮೊದಲು ನೋಡಿ, ಅಲ್ಲಿಂದ ತೊರವೆಯ ಹಾದಿಯನ್ನು ಹಿಡಿಯಬಹುದು. ಆ ರೋಜಾದಲ್ಲಿ ಮಲಗಿರುವವನೇ ನವರಸಪುರದ ದೊರೆ. ಮಕ್ಕಳನ್ನು ಕರೆದೊಯ್ದರೆ ನರಸಿಂಹನ ಗುಡಿಯನ್ನೂ ಸುರಂಗ ಬಾವಡಿಯನ್ನೂ ತೋರಿಸಲು ಮರೆಯಬಾರದು. ನಗರ ಹೋದರೂ ಗುಡಿಯ ದೀಪ ಉರಿಯುತ್ತಿದೆ. ಕುಮಾರ ವಾಲ್ಮೀಕಿಯ ಕಾವ್ಯವನ್ನು ಓದುವವರಿದ್ದಾರೆ. ಇಬ್ರಾಹಿಮನ ಹಾಡುಗಳೂ ಅಚ್ಚಾಗಿ ಉಳಿದಿವೆ. ಅವನು ಅಷ್ಟು ಆಸೆಪಟ್ಟು ಕಲ್ಲಿನಲ್ಲಿ ಕಟ್ಟಿಸಿದ್ದು ಇಪ್ಪತ್ತೈದು ವರ್ಷ ನಿಂತಿತು. ತಂಬೂರಿ ಹಿಡಿದು ಕಟ್ಟಿದ್ದು ನಾಲ್ಕು ಶತಮಾನಗಳನ್ನು ದಾಟಿದೆ.